ಹೊನ್ನತೊಗಟೆ

ನಮ್ಮೂರಲ್ಲಿ ಮಂಜು ಇಳಿಯುವ ಕಾಲಕ್ಕೆ ಗೋಡೆಗೆ, ಹೆಂಚಿಗೆ, ಬಾವಿಕಟ್ಟೆಗೆ ಹಸಿರು ಹತ್ತುವಂತೆ ಮನುಷ್ಯರಿಗೂ ಹತ್ತುತ್ತದೆ. ಮೊದಲು ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆಯಲ್ಲಿ, ಬೆರಳ ಸಂದಿಯಲ್ಲಿ. ಮುಟ್ಟಿದರೆ ಕರುವಿನ ಮೂತಿಯ ಹಾಗೆ ತಣ್ಣಗೆ, ಮೆತ್ತಗೆ. ಹಾಗಾಗಿ ಆ ತಿಂಗಳುಗಳಲ್ಲಿ ಯಾರ ಮನೆಗಾದರೂ ಹೋದರೆ ಕಾಲಿಗೆ ನೀರು ಕೊಡುವ ಮೊದಲು ಕುತ್ತಿಗೆ ತೋರಿಸಿ ಅನ್ನುತ್ತಾರೆ. ಅದನ್ನು ಯಾರೂ ಅವಮಾನ ಅಂದುಕೊಳ್ಳುವುದಿಲ್ಲ. ದರ್ಜಿಗಳು ಕಾಲರು ಸಡಿಲ ಬಿಟ್ಟು ಹೊಲಿಯುತ್ತಾರೆ. ಮಂಜು ಕಳೆಯುವ ತನಕ ಹೆಣ್ಣು ನೋಡುವ ಶಾಸ್ತ್ರ ಇಟ್ಟುಕೊಳ್ಳುವುದಿಲ್ಲ. ಕ್ಷೌರದಂಗಡಿಯಲ್ಲಿ ಗಡ್ಡಕ್ಕೊಂದು, ಹಸಿರಿಗೊಂದು ಬೇರೆ ಬೇರೆ ಕತ್ತಿ. ಆದರೆ ಕತ್ತಿಯಲ್ಲಿ ಹೆರೆದದ್ದು ಮತ್ತೆ ಬರುತ್ತದೆ. ಬೇರುಸಮೇತ ಹೋಗಬೇಕಾದರೆ ಮೈಲಮ್ಮನ ಮನೆಗೇ ಹೋಗಬೇಕಾಗಿತ್ತು.

ಹಸಿರು ಹತ್ತಿದ ಜಾಗದಲ್ಲಿ ನೋವಿರುವುದಿಲ್ಲ. ಚಿವುಟಿದರೆ ತಿಳಿಯುವುದಿಲ್ಲ, ಕೆಂಡ ತಾಗಿದರೂ ತಿಳಿಯುವುದಿಲ್ಲ. ಹಾಗೇ ಬಿಟ್ಟರೆ ಹಬ್ಬುತ್ತದೆ. ಮೈತುಂಬ ಹಬ್ಬಿದವರಿಗೆ ಹಸಿವಿಲ್ಲ, ನಿದ್ದೆಯಿಲ್ಲ, ಯಾರ ಮೇಲೂ ಬೇಸರವಿಲ್ಲ. ಉಸಿರಾಡುತ್ತಾರೆ. ಕೆಲವು ದಿನ ಕೇಳಿದ್ದಕ್ಕೆ ಉತ್ತರ ಹೇಳುತ್ತಾರೆ, ಆಮೇಲೆ ಅದೂ ನಿಲ್ಲುತ್ತದೆ. ಅಂಥವರನ್ನು ಕೆರೆಯ ಹಿಂದಿನ ಬಂಡೆಯ ಮೇಲೆ ಕೂರಿಸಿ ಬರುತ್ತೇವೆ. ಸತ್ತರು ಅನ್ನುವುದಿಲ್ಲ, ಬಂಡೆಗೆ ಹೋದರು ಅನ್ನುತ್ತೇವೆ.

ಮೈಲಮ್ಮನ ಅಪ್ಪ ಚೀನಾದವನು. ಸೈಕಲ್ಲಿನ ಹಿಂದೆ ರೇಷ್ಮೆ ಬಟ್ಟೆಯ ಗಂಟು ಕಟ್ಟಿಕೊಂಡು ಊರೂರು ಮಾರುತ್ತ ಬಂದವನು, ಇಲ್ಲಿ ಮಂಜಿನಲ್ಲಿ ದಾರಿ ತಪ್ಪಿ, ಉಳಿದೇಬಿಟ್ಟನಂತೆ. ಚಾಂಗ್ ಎಂಬ ಹೆಸರು ನಮ್ಮವರ ಬಾಯಲ್ಲಿ ಚಂಗಪ್ಪ ಆಯಿತು. ಇಲ್ಲಿಯ ಹುಡುಗಿಯನ್ನೇ ಮದುವೆಯಾದ. ಮಗಳಿಗೆ ಮೇಯ್‌ಲಿ ಎಂದು ಹೆಸರಿಟ್ಟ. ಊರು ಅದನ್ನು ಮೈಲಮ್ಮ ಮಾಡಿಕೊಂಡಿತು. ಅವನು ತನ್ನ ದೇಶದಿಂದ ಬಿಸ್ಕತ್ತಿನ ಡಬ್ಬಿಯಲ್ಲಿ ತರಿಸಿದ ಸಸಿಗಳಲ್ಲಿ ಬದುಕಿದ್ದು ಒಂದೇ. ಹಿತ್ತಲಲ್ಲಿ ಅದು ಮರವಾಯಿತು. ಸೂಜಿಯಂಥ ಎಲೆ. ಮಂಜಿಗೆ ಮುಂಚೆ ಮರಕ್ಕೆ ಮರವೇ ಅರಿಶಿನದ ಬಣ್ಣಕ್ಕೆ ತಿರುಗಿ ಉದುರಿಹೋಗುತ್ತಿತ್ತು. ಅದರ ಬೇರಿನ ತೊಗಟೆಯನ್ನು ಅವನ ಕಡೆ ಹುಳುಕಡ್ಡಿಗೆ, ತುರಿಗೆ ಹಚ್ಚುತ್ತಿದ್ದರಂತೆ. ನಮ್ಮೂರ ಹಸಿರಿಗೂ ಹಚ್ಚಿ ನೋಡಿದ. ಹೋಯಿತು. ಹೊನ್ನತೊಗಟೆ ಎಂದು ಅದಕ್ಕೆ ಹೆಸರು ಬಿತ್ತು.

ಮರದ ಬುಡವನ್ನು ಒಂದು ಮಗ್ಗುಲಿಗೆ ಅಗೆದು, ಬೆರಳು ದಪ್ಪದ ಬೇರು ಕಡಿದು, ಸಿಪ್ಪೆ ಸುಲಿದು, ನೆರಳಲ್ಲಿ ಒಣಗಿಸಿ, ಜಜ್ಜಿ ಸಾರಾಯಿಯಲ್ಲಿ ನೆನೆಹಾಕುತ್ತಿದ್ದಳು ಮೈಲಮ್ಮ. ಡಿಕಾಕ್ಷನ್ನಿನ ಬಣ್ಣ ಬಂದ ಮೇಲೆ ಸೋಸಿ, ಹಳೆ ಬಟ್ಟೆಯ ಉಂಡೆ ಅದ್ದಿ ಹಸಿರಿನ ಮೇಲೆ ಒತ್ತುವುದು. ಉರಿ ಅಂದರೆ ಅಂಥಿಂಥ ಉರಿಯಲ್ಲ. ಹಸಿರು ಕಪ್ಪಾಗಿ, ಬಾಡಿ, ಮೇಲುಚರ್ಮದ ಜೊತೆ ಸುಲಿದು ಬರುತ್ತದೆ. ಕೆಳಗಿನ ಮೈ ಆಗತಾನೆ ಹುಟ್ಟಿದ ಮಗುವಿನದರ ಹಾಗೆ ಕೆಂಪಗಿರುತ್ತದೆ. "ಮೈಗೆ ಹಚ್ಚೋದು, ಬಾಯಿಗಲ್ಲ" ಎಂದು ಬಂದವರಿಗೆಲ್ಲ ಹೇಳುವಳು. ಹೊಟ್ಟೆಗೆ ಹೋದರೆ ಅದು ವಿಷ. ಮುಂದಿನ ವರ್ಷ ಮರದ ಇನ್ನೊಂದು ಮಗ್ಗುಲು. ಹಾಗೆ ಒಂದು ಸುತ್ತು ಮುಗಿಯುವಷ್ಟರಲ್ಲಿ ಮೊದಲಿನ ಕಡೆಯ ಬೇರು ಮತ್ತೆ ಬಲಿತಿರುತ್ತಿತ್ತು. ಸುತ್ತಲೂ ಒಟ್ಟಿಗೆ ಅಗೆಯಬಾರದು, ಮರ ಹೋಗುತ್ತದೆ ಎಂದು ಅಪ್ಪ ಹೇಳಿದ್ದ ಮಾತನ್ನು ಅವಳು ಮೀರಿದವಳಲ್ಲ.

ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನು ಮದುವೆಯಾಗಿ ಬಂದಾಗಿನಿಂದ ಅವಳು ನನಗೆ ಮೈಲಕ್ಕ, ನಾನು ಅವಳಿಗೆ ನಿಂಗಿ. ಅವಳ ಗಂಡ ಬೇಗ ತೀರಿಕೊಂಡಿದ್ದ. ಒಬ್ಬಳೇ ಮಗಳು ದೇವೀರಿ. ಅವಳನ್ನು ಬೇಕೆಂದೇ ದೂರದ ಬಯಲುಸೀಮೆಗೆ ಕೊಟ್ಟಿದ್ದಳು. "ಅಲ್ಲಿ ಬಿಸ್ಲಲ್ಲಿ ಬೇಯ್ಲಿ ಬಿಡು ನಿಂಗಿ. ಕಂಡೋರ್ಗೆಲ್ಲ ಕುತ್ತಿಗೆ ತೋರಿಸ್ಕೊಂಡು ಬದುಕೋದು ತಪ್ತಲ್ಲ" ಅನ್ನುತ್ತಿದ್ದಳು. ಅಳಿಯ ರಾಚಯ್ಯ ಗಾಣದ ಕೆಲಸದವನು, ಒಳ್ಳೆಯವನು. ಸಿಂಗಾರಿ ಎಂಬ ಮಗು ಹುಟ್ಟಿತ್ತು. ಬೇಸಿಗೆಯಲ್ಲಿ ಬಂದಾಗ ಅದು ನಮ್ಮಿಬ್ಬರ ಮನೆಯನ್ನೂ ಒಂದೇ ಎಂದು ತಿಳಿದು ಓಡಾಡುತ್ತಿತ್ತು.

ಆ ಮಗುವಿಗೆ ಗಂಟಲಮಾರಿ ಬಂತು. ಸುದ್ದಿ ತಲುಪಿ ಮೈಲಮ್ಮ ಹೋಗುವಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು.

ಕೆಲವು ತಿಂಗಳು ಕಳೆದು, ಇಲ್ಲಿ ಮಂಜು ಇನ್ನೇನು ಇಳಿಯಬೇಕು ಅನ್ನುವಾಗ ರಾಚಯ್ಯ ದೇವೀರಿಯನ್ನು ಕರೆದುಕೊಂಡು ಬಂದ. ಅವಳು ಜಗಲಿಯ ಕಂಬಕ್ಕೆ ಒರಗಿ ಕೂತಳು. ಕಣ್ಣು ಗುಳಿಬಿದ್ದಿತ್ತು. ಎಡಗೈ ಮಾತ್ರ ಮಗು ಎತ್ತಿಕೊಂಡವರ ಹಾಗೆ ಸೊಂಟದ ಹತ್ತಿರ ಮಡಚಿಕೊಂಡೇ ಇತ್ತು.

"ಉಣ್ಣಲ್ಲ ಅತ್ತೆ, ಮಲಗಲ್ಲ. ಮಗೂನ ಜೋಲಿ ಬಿಚ್ಚೋಕೂ ಬಿಡಲ್ಲ. ಕಟ್ಟಿದ್ ಹಾಗೇ ಐತೆ" ಅಂದ ರಾಚಯ್ಯ. "ಸ್ವಲ್ಪ ದಿವ್ಸ ನಿಮ್ಮತ್ರ ಇರ್ಲಿ."

"ಇದು ಮಂಜಿನ್ ಕಾಲ ಕಣಪ್ಪ. ಕಳೀಲಿ, ನಾನೇ ಬಂದು ಕರ್ಕೊಂಡ್ ಬತ್ತೀನಿ."

"ಅಷ್ಟೊತ್ಗೆ ಇವಳು ಇರಲ್ಲ ಅತ್ತೆ" ಅಂದು ಮುಖ ತಿರುಗಿಸಿಕೊಂಡ. ಮೈಲಮ್ಮ ಮಗಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ದೇವೀರಿ ಸುಧಾರಿಸಿದಳು. ಮೊದಲು ಗಂಜಿ, ಆಮೇಲೆ ಮುದ್ದೆ. ಒಂದು ದಿನ ತಾನೇ ತಲೆ ಬಾಚಿಕೊಂಡು ಅಂಗಳ ಗುಡಿಸುತ್ತಿದ್ದಳು. ಮೈಲಮ್ಮ ಗೋಡೆಯ ಮೇಲಿಂದ ಇಣುಕಿ, "ನೋಡ್ದೇನೇ ನಿಂಗಿ, ತವರಿನ್ ನೀರು" ಎಂದು ಪಿಸುಗುಟ್ಟಿದಳು. ಮಗಳ ಕುತ್ತಿಗೆ, ಕಿವಿ, ಬೆರಳ ಸಂದಿ ಎಲ್ಲ ದಿನವೂ ನೋಡುತ್ತಿದ್ದಳು. ಚೊಕ್ಕವಾಗಿತ್ತು. ಎಣ್ಣೆ ಹಚ್ಚಿ ನೀರು ಹಾಕುತ್ತೇನೆಂದರೆ ಮಾತ್ರ ದೇವೀರಿ ಒಪ್ಪುತ್ತಿರಲಿಲ್ಲ. ದುಃಖದಲ್ಲಿರುವ ಹೆಣ್ಣು, ಒತ್ತಾಯ ಬೇಡ ಎಂದು ಮೈಲಮ್ಮ ಸುಮ್ಮನಿದ್ದಳು.

ಒಲೆಯ ಮುಂದೆ ಕೂತಿದ್ದಾಗ ಕಿಡಿ ಸಿಡಿದು ದೇವೀರಿಯ ಹೆಗಲಿಗೆ ಬಿತ್ತು. ಸೆರಗು ಸುಟ್ಟು ಹೊಗೆ ಎದ್ದಿತು. ದೇವೀರಿ ರೊಟ್ಟಿ ತಟ್ಟುತ್ತಲೇ ಇದ್ದಳು. ಮೈಲಮ್ಮ ಹಾರಿ ಹೋಗಿ ಸೆರಗು ಕಿತ್ತೆಳೆದಳು. ಎಡ ಹೆಗಲಿನಿಂದ ಎದೆಯ ಮೇಲೆ ಇಳಿದು, ಪಕ್ಕೆಯುದ್ದಕ್ಕೂ ಸೊಂಟದ ತನಕ, ಕೈಯಿಟ್ಟರೆ ಮುಳುಗುವಷ್ಟು ದಟ್ಟ ಹಸಿರು.

ನಾನು ಕೂಗು ಕೇಳಿ ಓಡಿದೆ. ಮೈಲಮ್ಮ ನೆಲದ ಮೇಲೆ ಕೂತಿದ್ದಳು. ದೇವೀರಿ ಸಮಾಧಾನವಾಗಿ, ಚಿಕ್ಕ ಮಕ್ಕಳಿಗೆ ಬುದ್ಧಿ ಹೇಳುವವರ ಹಾಗೆ ಹೇಳುತ್ತಿದ್ದಳು.

"ಅವ್ವ, ಸಿಂಗಾರಿ ಇಲ್ಲೇ ತಲೆ ಇಟ್ಟು ಮಲಗ್ತಿದ್ಲು. ಈ ಹೆಗಲು ದಿನಾ ಅವಳನ್ನೇ ಕೇಳ್ತಿತ್ತು. ಈಗ ಕೇಳಲ್ಲ. ಹಾಲು ಬಿಡಿಸಿ ಎಷ್ಟು ಕಾಲ ಆಗಿದ್ರೂ ಇಲ್ಲಿ ಹಿಂಡ್ತಿತ್ತು, ಅದೂ ನಿಂತೋಯ್ತು. ಸೊಂಟನೂ ಸುಮ್ನಾಯ್ತು. ಇನ್ನು ಕೈ ಒಂದೈತೆ. ಬಿಟ್ಬಿಡವ್ವ."

"ಹೊರಗೆ ಹೋಗಿ ಮಂಜಿಗೆ ಮೈ ಒಡ್ಡಿದ್ಯಾ?"

"ಬೆಳಿಗ್ಗೆ ನೀನು ನೀರಿಗೆ ಹೋದಾಗ, ಹಿತ್ಲಲ್ಲಿ."

ಮೈಲಮ್ಮ ಎದ್ದು ಸೀಸೆ ತಂದಳು. "ನಿಂಗಿ, ಕಾಲು ಹಿಡ್ಕೊ" ಅಂದಳು. ನಾನು ಹಿಡಿದೆ. ಹೊನ್ನತೊಗಟೆಯ ಉಂಡೆ ಹೆಗಲಿಗೆ ಒತ್ತಿದಾಗ ದೇವೀರಿ ಮೊದಲು ನಕ್ಕಳು, ಏನೂ ಆಗುತ್ತಿಲ್ಲ ಅಂದಳು. ಔಷಧಿ ಇಳಿಯುತ್ತ ಹೋಯಿತು. ಹಸಿರು ಕಪ್ಪಾಗಿ ಮುದುಡಿತು. ಚರ್ಮ ತಲುಪಿತೋ ಇಲ್ಲವೋ, ಅವಳ ಇಡೀ ಮೈ ಬಿಲ್ಲಿನ ಹಾಗೆ ಎದ್ದಿತು. "ಸಿಂಗಾರೀ" ಎಂದು ಕೂಗಿದಳು. ಊರಿಗೆ ಬಂದ ಮೇಲೆ ಅವಳು ಆ ಹೆಸರು ಹಿಡಿದು ಅತ್ತಿದ್ದು ಅದೇ ಮೊದಲು. ಆಮೇಲೆ ಬೇರೆ ಮಾತೇ ಬರಲಿಲ್ಲ. ಮೈಲಮ್ಮ ಕೈ ನಿಲ್ಲಿಸಲಿಲ್ಲ. ಎದೆ, ಪಕ್ಕೆ, ಸೊಂಟ. ಅವಳ ಕಣ್ಣೀರು ಮಗಳ ಸುಲಿದ ಮೈ ಮೇಲೆ ಬಿದ್ದು ಮಗಳು ಇನ್ನೂ ಕಿರುಚಿದಳು.

ಮುಗಿದ ಮೇಲೆ ದೇವೀರಿ ಗೋಡೆಯ ಕಡೆ ತಿರುಗಿ ಮಲಗಿ, "ನೀನು ನನ್ ಮಗೂನ ಎರಡ್ನೇ ಸಲ ಸಾಯಿಸ್ದೆ ಅವ್ವ" ಅಂದಳು.

ಅಲ್ಲಿಂದ ತಾಯಿಗೂ ಮಗಳಿಗೂ ಯುದ್ಧ. ಮೈಲಮ್ಮ ಬಾಗಿಲಿಗೆ ಅಗಳಿ ಹಾಕಿ ನೀರಿಗೆ ಹೋದರೆ ದೇವೀರಿ ಹೆಂಚು ಸರಿಸಿ ಮಂಜನ್ನು ಒಳಗೆ ಬಿಟ್ಟುಕೊಳ್ಳುವಳು. ಹಸಿರು ಅದೇ ಜಾಗಕ್ಕೆ, ಹೆಗಲಿಗೆ, ಎದೆಗೆ, ದಾರಿ ಗೊತ್ತಿರುವ ಹಸುವಿನ ಹಾಗೆ ವಾಪಸು ಬರುವುದು. ಮತ್ತೆ ಸೀಸೆ, ಮತ್ತೆ ನಾನು ಕಾಲು ಹಿಡಿಯುವುದು. ಪ್ರತಿ ಸಲ ಹಚ್ಚಿದಾಗಲೂ ಮಗು ಆಗತಾನೆ ಹೋದಂತೆ ಅತ್ತಳು. ಹಸಿರೇ ಮೇಲು ಎಂದು ನನಗೂ ಒಮ್ಮೊಮ್ಮೆ ಅನ್ನಿಸಿದ್ದುಂಟು. ಬಾಯಿಬಿಟ್ಟು ಹೇಳಲಿಲ್ಲ.

ಸೀಸೆಗಳು ಬರಿದಾದವು. ಊರಿನವರಿಗೆಂದು ಇಟ್ಟಿದ್ದವೂ ಬರಿದಾದವು. ನೇಕಾರ ತೋಪಣ್ಣ ಬಂದು ಜಗಲಿಯ ಮೇಲೆ ಕೂತಿದ್ದ ದಿನ ನನಗೆ ಚೆನ್ನಾಗಿ ನೆನಪಿದೆ. ಎರಡೂ ಕೈ ಮಣಿಕಟ್ಟಿನ ತನಕ ಹಸಿರಾಗಿತ್ತು.

"ನೂಲು ಹರಿದ್ರೆ ತಿಳೀತಿಲ್ಲ ಮೈಲಮ್ಮ. ನಿನ್ನೆ ಬಟ್ಟೆಯೆಲ್ಲ ರಕ್ತ. ನೋಡಿದ್ರೆ ಬೆರಳೇ ಕೊಯ್ದೋಗಿತ್ತು, ನಂಗೆ ಗೊತ್ತೇ ಆಗಿಲ್ಲ. ಕೈಗಷ್ಟು ಹಚ್ಚು ತಾಯಿ. ಮಿಕ್ಕಿದ್ದು ಹೆಂಗಾರ ಇರ್ಲಿ."

"ಇಲ್ಲ ತೋಪಣ್ಣ. ಈ ಸಲ ಆಗೋಯ್ತು."

"ಒಂದ್ ಚೂರೂ?"

"ಒಂದ್ ತೊಟ್ಟೂ ಇಲ್ಲ."

ಅಕ್ಕಿ ಮಡಕೆಯೊಳಗೆ ತುಂಬಿದ ಸೀಸೆ ಇದ್ದುದು ನನಗೆ ಗೊತ್ತಿತ್ತು. ಅವನು ಹೋದ ಮೇಲೆ ಅವಳ ಮುಖ ನೋಡಿದೆ. "ಹಂಗ್ ನೋಡ್ಬೇಡ" ಅಂದಳು. "ಒಳಗೆ ಮಲಗಿರೋದು ನಿನ್ ಮಗಳಾಗಿದ್ರೆ ಏನ್ ಮಾಡ್ತಿದ್ದೆ ಹೇಳು."

ಆ ಸೀಸೆಯೂ ಮುಗಿದ ದಿನ ಹಿತ್ತಲಲ್ಲಿ ಗುದ್ದಲಿಯ ಸದ್ದು. ಗೋಡೆಯ ಮೇಲಿಂದ ನೋಡಿದೆ. ಮೈಲಮ್ಮ ಸೀರೆ ಮೇಲಕ್ಕೆ ಕಟ್ಟಿ ಅಗೆಯುತ್ತಿದ್ದಳು. ಆ ವರ್ಷದ ಮಗ್ಗುಲು ಮುಗಿದು ಇನ್ನೊಂದು ಮಗ್ಗುಲಿಗೆ ಬಂದಿದ್ದಳು.

"ಮೈಲಕ್ಕ! ಆ ಕಡೇದು ಹೋದ್ ವರ್ಷ ತಾನೆ ತೆಗ್ದಿದ್ದು?"

"ಗೊತ್ತು."

"ನಿಮ್ಮಪ್ಪ ಏನ್ ಹೇಳಿದ್ರು ನೆನಪಿಲ್ವಾ?"

ಕಿಟಕಿಯ ಸರಳು ಹಿಡಿದು ನಿಂತಿದ್ದ ದೇವೀರಿಯೂ ಅಂದಳು: "ತಾತನ್ ಮರ ಅವ್ವ ಅದು. ನನಗೋಸ್ಕರ ಬ್ಯಾಡ. ನಾನ್ ಕೇಳಿಲ್ಲ."

ಮೈಲಮ್ಮ ತಲೆಯೆತ್ತಲಿಲ್ಲ. "ಮರ ನನ್ ಹೊಟ್ಟೇಲಿ ಹುಟ್ಟಿದ್ದಲ್ಲ" ಅಂದು ಗುದ್ದಲಿ ಎತ್ತಿದಳು. ಬುಡದ ಸುತ್ತಲೂ ಅಗೆಯುತ್ತ ಬಂದಳು.

ಮಂಜು ಕಳೆಯಿತು. ಬಿಸಿಲು ಬಿದ್ದಾಗ ದೇವೀರಿಯ ಮೈಯಲ್ಲಿ ಒಂದೇ ಒಂದು ಹಸಿರು ಚುಕ್ಕೆ ಇರಲಿಲ್ಲ. ಮೈಯೆಲ್ಲ ಕೆಂಪಗೆ, ತೆಳ್ಳಗೆ, ಮುಟ್ಟಿದರೆ ನೋಯುವಂತಿತ್ತು. ಅಳುತ್ತಿದ್ದಳು, ಉಣ್ಣುತ್ತಿದ್ದಳು, ಮತ್ತೆ ಅಳುತ್ತಿದ್ದಳು. ಒಂದು ಮಧ್ಯಾಹ್ನ ಸಿಂಗಾರಿ ಬೆಲ್ಲದ ಅಚ್ಚನ್ನು ಕಚ್ಚಿ ಹಲ್ಲು ಸಿಕ್ಕಿಸಿಕೊಂಡು ಬಾಯಿ ತೆರೆಯಲಾಗದೆ ಒದ್ದಾಡಿದ್ದನ್ನು ಹೇಳುತ್ತ ಹೇಳುತ್ತ ನಕ್ಕುಬಿಟ್ಟಳಂತೆ. ಮೈಲಮ್ಮ ಬರಿಗಾಲಲ್ಲೇ ನಮ್ಮ ಮನೆಗೆ ಓಡಿಬಂದು, "ನಕ್ಕಳು ಕಣೇ, ಹಲ್ಲು ಕಾಣಂಗೆ ನಕ್ಕಳು" ಎಂದು ನನ್ನ ಕೈ ಹಿಡಿದು ಕುಣಿಸಿದಳು. ಅವಳನ್ನು ಅಷ್ಟು ಖುಷಿಯಾಗಿ ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಬೇವು ಚಿಗುರಿತು, ಹೊಂಗೆ ಚಿಗುರಿತು. ಹಿತ್ತಲ ಮರ ಚಿಗುರಲಿಲ್ಲ. ಮೈಲಮ್ಮ ಬುಡಕ್ಕೆ ಸಗಣಿ ನೀರು ಹುಯ್ದಳು, ಹೊಸ ಮಣ್ಣು ಏರಿಸಿದಳು, ಕೊಂಬೆಗೆ ಒದ್ದೆ ಬಟ್ಟೆ ಸುತ್ತಿದಳು. ಕಡೆಗೊಂದು ದಿನ ಉಗುರಿನಿಂದ ತೊಗಟೆ ಕೆರೆದು ನೋಡಿದಳು. ಒಳಗೆ ಕಂದು ಬಣ್ಣ, ಪುಡಿ. ಅಲ್ಲೇ ಬುಡಕ್ಕೆ ಒರಗಿ ಸಂಜೆಯ ತನಕ ಕೂತಿದ್ದಳು.

ತೋಪಣ್ಣ ಅಷ್ಟರಲ್ಲಿ ಬಂಡೆಗೆ ಹೋಗಿದ್ದ. ಮರ ಒಣಗಿದ ಸುದ್ದಿ ಊರಲ್ಲಿ ಹರಡಿದಾಗ ಅವನ ಹೆಂಡತಿ ಬಂದಳು. ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ನಾವು ಕಾದೆವು. ಅವಳು ಅಂಗಳದಲ್ಲೇ ನಿಂತು, "ಮಗಳು ಚೆನ್ನಾಗವ್ಳಾ?" ಎಂದು ಕೇಳಿದಳು.

"ಅವ್ಳೆ."

"ಹೋಗ್ಲಿ ಬಿಡು. ಯಾರೋ ಒಬ್ರಾದ್ರೂ ಚೆನ್ನಾಗವ್ರಲ್ಲ" ಎಂದು ಹೊರಟುಹೋದಳು. ಮೈಲಮ್ಮ ಆ ದಿನ ಒಲೆ ಹಚ್ಚಲಿಲ್ಲ.

ಮಳೆಗಾಲ ಮುಗಿಯುತ್ತಿದ್ದಂತೆ ಜನ ಗಂಟುಮೂಟೆ ಕಟ್ಟತೊಡಗಿದರು. ದಿನಕ್ಕೊಂದು ಗಾಡಿ ಘಟ್ಟ ಇಳಿಯಿತು. ರಾಚಯ್ಯನೂ ಬಂದ. "ಇಬ್ರೂ ಬನ್ನಿ ಅತ್ತೆ. ಬಯಲುಸೀಮೇಲಿ ಇವೆಲ್ಲ ಇಲ್ಲ." ಮೈಲಮ್ಮ ಮಗಳ ಬಟ್ಟೆ ಮಡಚಿ ಗಂಟು ಕಟ್ಟಿಕೊಟ್ಟಳು, ತನ್ನದನ್ನು ಕಟ್ಟಲಿಲ್ಲ. "ಹೋಗೋಕೆ ದಿಕ್ಕಿಲ್ದೋರು ಎಷ್ಟೋ ಜನ ಇಲ್ಲೇ ಅವ್ರೆ ಕಣಪ್ಪ. ಮರ ಕೊಂದೋಳು ನಾನು. ಅವರನ್ನ ಮಂಜಿಗೆ ಬಿಟ್ಟು ನಾನು ಬಿಸ್ಲು ಕಾಯಿಸ್ಕೊಂಡ್ ಕೂರ್ಲಾ?" ಅಂದಳು. ದೇವೀರಿ ಗಂಟು ಬಿಚ್ಚಿ ಬಟ್ಟೆಯನ್ನು ಮತ್ತೆ ಗೂಟಕ್ಕೆ ಹಾಕಿದಳು. "ಅವ್ವನ್ನ ಬಿಟ್ಟು ನಾನ್ ಬರಲ್ಲ." ರಾಚಯ್ಯ ಒಬ್ಬನೇ ಹೋದ. ಹೋಗಲಾಗದ ಜನರಲ್ಲಿ ನಾವೂ ಇದ್ದೆವು.

ಮಂಜು ಬಂತು. ಬೂದಿ ತಿಕ್ಕಿದೆವು, ಸುಣ್ಣ ತಿಕ್ಕಿದೆವು, ಸೀಮೆಎಣ್ಣೆ ಬಳಿದುಕೊಂಡೆವು. ಕ್ಷೌರದಂಗಡಿಯವನ ಕೈಯೇ ಹಸಿರಾಗಿ ಕತ್ತಿ ಜಾರುತ್ತಿತ್ತು. ನನ್ನ ಗಂಡನಿಗೆ ಬೆನ್ನಿನಿಂದ ಶುರುವಾಯಿತು, ಬೇಗನೆ ಬಂಡೆಗೆ ಹೋದರು.

ದೇವೀರಿಗೆ ಮಾತ್ರ ಏನೂ ಆಗಲಿಲ್ಲ. ಮೊದಲು ಅದು ಅದೃಷ್ಟ ಅಂದುಕೊಂಡೆವು. ಹಿಂದಿನ ವರ್ಷ ಅಷ್ಟೊಂದು ಹೊನ್ನತೊಗಟೆ ಕುಡಿದ ಚರ್ಮ. ಮಂಜು ಅದರ ಮೇಲೆ ನೀರಾಗಿ ಹರಿದುಹೋಗುತ್ತಿತ್ತು. ಒಂದು ಬೆಳಿಗ್ಗೆ ಅವಳು ಹಿತ್ತಲಲ್ಲಿ, ಒಣಮರದ ಪಕ್ಕ, ಹೆಗಲು ಬರಿದು ಮಾಡಿಕೊಂಡು ಕೂತಿದ್ದುದನ್ನು ಕಂಡೆ. ಕಣ್ಣು ಮುಚ್ಚಿ ಕಾಯುತ್ತಿದ್ದಳು. ಮಾರನೆಯ ದಿನವೂ ಕೂತಿದ್ದಳು. ಆಮೇಲೆ ಕೂರುವುದನ್ನು ಬಿಟ್ಟಳು.

ಮೈಲಮ್ಮನಿಗೆ ಮೊಣಕೈಯಿಂದ ಬಂತು. ಅವಳು ಹೆದರಿದ್ದನ್ನು ಅದೇ ಮೊದಲು ನೋಡಿದೆ. "ಹೆರಿಯವ್ವ, ದಿನಾ ಹೆರಿ, ರಕ್ತ ಬಂದ್ರೂ ಬಿಡ್ಬೇಡ. ಎದೆಗೆ ಬರಕ್ಕೆ ಬಿಡ್ಬೇಡ" ಎಂದು ಮಗಳ ಮುಂದೆ ಕೈಚಾಚಿ ಕೂರುತ್ತಿದ್ದಳು. ದೇವೀರಿ ಕತ್ತಿ ಕಾಯಿಸಿ ಹೆರೆಯುತ್ತಿದ್ದಳು. ಹೆರೆದಷ್ಟೂ ಬಂತು. ತೋಳಿಗೆ ಬಂತು, ಹೆಗಲಿಗೆ ಬಂತು. ಒಂದು ದಿನ ಹೋದಾಗ ಕತ್ತಿ ನೆಲದ ಮೇಲಿತ್ತು. ಮೈಲಮ್ಮ ನೆಮ್ಮದಿಯಾಗಿ ಗೋಡೆಗೆ ಒರಗಿದ್ದಳು. ಸೆರಗಿನ ಕೆಳಗೆ ಎದೆಯ ತುಂಬ ಹಸಿರು.

"ಸಾಕಂತೆ" ಅಂದಳು ದೇವೀರಿ ನನಗೆ. "ಇನ್ ಹೆರೀಬೇಡ, ಏನೂ ಅನ್ಸ್ತಿಲ್ಲ ಅಂತಾಳೆ."

ದೇವೀರಿ ತಾಯಿಯನ್ನು ಬಹಳ ದಿನ ಬಂಡೆಗೆ ಕಳಿಸದೆ ಮನೆಯಲ್ಲೇ ಇಟ್ಟುಕೊಂಡಳು. ಬಾಯಿಗೆ ಗಂಜಿ ಹಿಡಿದರೆ ಅದು ಕಟವಾಯಲ್ಲಿ ಸುರಿದುಹೋಗುತ್ತಿತ್ತು. ಕಡೆಗೆ ಮೈಲಮ್ಮನೇ, "ಕೆರೆ ಕಡೆ ತಣ್ಣಗಿರ್ತದೆ, ಕರ್ಕೊಂಡೋಗು" ಅಂದಳು. ನಾನೂ ಒಂದು ಕೈ ಹಿಡಿದೆ. ಮಂಜಿನಲ್ಲಿ ಮೂವರೂ ನಿಧಾನವಾಗಿ ನಡೆದೆವು. ಬಂಡೆಯ ಮೇಲೆ ಜಾಗವೇ ಇರಲಿಲ್ಲ. ನೀರಿನ ಅಂಚಿಗೆ ಸ್ವಲ್ಪ ಜಾಗ ಮಾಡಿ ಕೂರಿಸಿದೆವು. ದೇವೀರಿ ತಾಯಿಯ ಮುಂದೆ ಮಂಡಿಯೂರಿ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಮುಖವೊಂದೇ ಇನ್ನೂ ಉಳಿದಿತ್ತು.

"ಅವ್ವ, ನಾನ್ ಯಾರು ಹೇಳು."

"ದೇವೀರಿ. ನನ್ ಮಗಳು." ಸಂತೆ ಯಾವ ವಾರ ಎಂದು ಕೇಳಿದವರಿಗೆ ಹೇಳುವ ದನಿ.

"ನನ್ ಮೇಲೆ ಸಿಟ್ಟೈತಾ? ನನ್ನಿಂದ ಅಲ್ವಾ ಇಷ್ಟೆಲ್ಲ ಆಗಿದ್ದು?"

"ಇಲ್ಲ."

"ಪ್ರೀತಿ?"

ಮೈಲಮ್ಮ ಹುಬ್ಬು ಗಂಟಿಕ್ಕಿ, ನಿಜವಾಗಿಯೂ ಒಳಗೆ ಹುಡುಕಿದಳು. ಸುಳ್ಳು ಹೇಳಲು ಅವಳಿಗೆ ಕಾರಣವೇ ಉಳಿದಿರಲಿಲ್ಲ.

"ಅದೂ ಇಲ್ಲ ಕಣವ್ವ" ಅಂದಳು.

ದೇವೀರಿ ತಾಯಿಯ ಸೆರಗು ಸರಿಮಾಡಿ, ಕೂದಲು ಕಿವಿಯ ಹಿಂದೆ ಸಿಕ್ಕಿಸಿ ಎದ್ದಳು. ಕೆರೆ ಏರಿಯ ತನಕ ಸುಮ್ಮನೆ ಬಂದಳು. ಏರಿ ದಾಟಿದ ಮೇಲೆ ಅಳು ಒಡೆಯಿತು. ಬಾಯಿಗೆ ಸೆರಗು ಒತ್ತಿದರೂ ನಿಲ್ಲಲಿಲ್ಲ. ಬೀದಿಯುದ್ದಕ್ಕೂ ಜೋರಾಗಿ ಅಳುತ್ತ ನಡೆದಳು. ಬಾಗಿಲುಗಳು ತೆರೆದವು. ಉಳಿದಿದ್ದ ಜನ ಹೊಸ್ತಿಲಿಗೆ ಬಂದು, ಯಾವುದೋ ಸೀಮೆಯ ವಾದ್ಯ ಕೇಳುವವರ ಹಾಗೆ ತಲೆ ಓರೆಮಾಡಿ ನಿಂತರು. ನಾನು ಅವಳ ಹೆಗಲ ಮೇಲೆ ಕೈಯಿಟ್ಟು ಪಕ್ಕದಲ್ಲೇ ನಡೆದೆ. ಅವಳ ಮೈ ನಡುಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು, ನನ್ನ ಕೈಗೆ ತಿಳಿಯುತ್ತಿರಲಿಲ್ಲ. ನಾನೂ ಅವಳ ಜೊತೆ ಅಳಬೇಕಿತ್ತು. ಅತ್ತು ನೋಡಿದೆ. ಬರಲಿಲ್ಲ.